ಮೂರು ವಾರಕ್ಕೇ ಸೈಕ್ಲಿಂಗ್ ಪ್ರಾಕ್ಟೀಸ್ ಬಿಟ್ಟುಹೋಗ್ತದೆ, ಮನಸ್ಸು ಗಟ್ಟಿ ಮಾಡಿಕೊಳ್ಳೋದು ಹೇಗೆ?

ವಿಜಯಪುರದಲ್ಲಿ ರೇಸ್ ಸೈಕಲ್ ಹಿಡಿದವರೆಲ್ಲ ಈ ಪ್ರಶ್ನೆ ದಾಟಿಯೇ ಬಂದಿರ್ತೀವಿ, ನಾನೂ ಅಷ್ಟೆ. ಆದರೆ ನಿಮ್ಮ ಮನಸ್ಸಿಗೇನೂ ಆಗಿಲ್ಲ. ನಸುಕಿನ ಐದಕ್ಕೆದ್ದು ಮೂರು ವಾರ ಟಿಕೋಟಾ ರೋಡ್ ತುಳಿದ 19ರ ಹುಡುಗನಿಗೆ ಛಲ ಇಲ್ಲ ಅಂತ ನಾನು ಒಪ್ಪೋದಿಲ್ಲ.

"ದಿನಾ 40 ಕಿಲೋಮೀಟರ್, ದಿನಾ ಜೋರಾಗಿ" ಅಂತ ಬರೆದಿದ್ದೀರಲ್ಲ, ಕೆಟ್ಟಿರೋದು ಅಲ್ಲೇ. ಮಾತಾಡಲು ಆಗದಷ್ಟು ಉಸಿರು ಏರಿರ್ತದೆ, ಆದರೆ ಸ್ಪ್ರಿಂಟ್ ಅಷ್ಟು ಜೋರೂ ಅಲ್ಲ. ಈ ನಡುವಿನ ವೇಗದಲ್ಲಿ ತೊಡೆಯಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ಸ್ನಾಯು ಉರಿಸೋ ಸಕ್ಕರೆಯ ದಾಸ್ತಾನು, ಸಾಕಷ್ಟು ಕರಗ್ತದೆ. ಪೂರ್ತಿ ಖಾಲಿಯಾದರೆ ಚೆನ್ನಾಗಿ ಉಂಡರೂ ಮತ್ತೆ ತುಂಬಲು ಸುಮಾರು 24 ಗಂಟೆ ಬೇಕು. ನೀವು ಮರುದಿನ ಅರೆಬರೆ ತುಂಬಿದ ಕಾಲಲ್ಲೇ ಮತ್ತೆ ಅದೇ ವೇಗಕ್ಕೆ ಹೋಗ್ತೀರಿ. ಮೂರನೇ ವಾರಕ್ಕೆ ನಿದ್ದೆ ಕೆಡ್ತದೆ, ಊಟ ಸೇರೋದಿಲ್ಲ, ಅಲಾರಂ ಹೊಡೆದರೆ ಸಿಟ್ಟು ಬರ್ತದೆ. ದಣಿವನ್ನು ಸೋಮಾರಿತನ ಅಂತ ತಿಳಿದು ಇನ್ನೂ ಜೋರಾಗಿ ತುಳಿದರೆ ನಾಲ್ಕನೇ ವಾರ ಸೈಕಲ್ ಗ್ವಾಡಿಗೆ ಒರಗ್ತದೆ.

ನಮ್ಮ ಬಯಲುಸೀಮೆಯ ಗಾಳಿ ಇದಕ್ಕೆ ಇನ್ನಷ್ಟು ಸೇರಿಸ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಡುವಣದಿಂದ ಬೀಸ್ತದೆ. ಟಿಕೋಟಾ ಇರೋದೂ ಪಡುವಣಕ್ಕೇ, ಆ ಕಡೆ ಹೋಗುವಾಗ ಎದುರುಗಾಳಿಗೆ ತಾಸಿಗೆ 20 ಕಿಲೋಮೀಟರ್ ವೇಗಕ್ಕೇ ಎದೆ ಬಡಿದುಕೊಳ್ತದೆ, ಬರುವಾಗ 32 ಆರಾಮ. ವೇಗದ ಮೀಟರ್ ನೋಡಿ ತುಳಿಯೋರು ಹೋಗುವಾಗಲೇ ಕರಗಿಹೋಗ್ತಾರೆ. ಹಾಗಾಗಿ ವಾರದ ಹೆಚ್ಚಿನ ದಿನ ಹಗುರವಾಗಿ ತುಳಿಯಿರಿ. ಹಗುರ ದಿನ ಅಂದರೆ ಒಂದು ಪೂರ್ತಿ ವಾಕ್ಯ ತಡೆಯಿಲ್ಲದೆ ಆಡೋಹಾಗಿರಬೇಕು. ನಿಮ್ಮ ವಯಸ್ಸಿಗೆ ನಾಡಿ ಬಹುತೇಕ ನಿಮಿಷಕ್ಕೆ 145ರ ಕೆಳಗೆ. ಗೆಳೆಯರು ದಾಟಿ ಹೋದರೆ ಹೋಗಲಿ. ಅವರನ್ನು ಬೆನ್ನಟ್ಟದಿರೋದೇ ಈ ಆಟದ ಅತಿ ಕಠಿಣ ಶಿಸ್ತು ಅಂತ ನಾನು ಖರೇನೇ ನಂಬಿದ್ದೀನಿ.

ವಾರದಲ್ಲಿ ಜೋರು ಎರಡೇ ದಿನ, ಮಂಗಳವಾರ ಮತ್ತು ಶುಕ್ರವಾರ. 20 ನಿಮಿಷ ಮೈ ಬಿಸಿ ಮಾಡಿ, 4 ನಿಮಿಷ ಜೋರು, 3 ನಿಮಿಷ ಹಗುರ, ಹೀಗೆ ನಾಲ್ಕು ಸಲ. ನಾಲ್ಕನೆಯದು ಮೊದಲನೆಯದಕ್ಕಿಂತ ಸೋತರೆ ಶುರುವಿನಲ್ಲೇ ಹೆಚ್ಚು ತುಳಿದಿದ್ದೀರಿ ಅಂತ ಅರ್ಥ. ಸೋಮವಾರ ಪೂರ್ತಿ ರಜೆ. ರವಿವಾರ ಮೂರು ತಾಸು ಹಗುರವಾಗಿ. ಉಳಿದ ದಿನ ಒಂದೂವರೆ ತಾಸು, ಪೆಡಲ್ ನಿಮಿಷಕ್ಕೆ 85ರಿಂದ 95 ಸುತ್ತು. ನಾಲ್ಕನೇ ವಾರ ಒಟ್ಟು ತಾಸಿನಲ್ಲಿ ಮೂರನೇ ಒಂದು ಭಾಗ ಕಡಿಮೆ ಮಾಡಿ, ಇದನ್ನು ಬಿಡಲೇಬೇಡಿ.

ಎದ್ದ ಕೂಡಲೇ ಹಾಸಿಗೆಯಲ್ಲೇ ನಾಡಿ ಎಣಿಸಿ ಬರೆದಿಡಿ. ದಿನಾ ಇರೋ ಲೆಕ್ಕಕ್ಕಿಂತ ಎಂಟು-ಹತ್ತು ಹೆಚ್ಚಿದ್ದರೆ ಅವತ್ತು ಜೋರು ಬೇಡ. ತಾಸಿಗೆ ಅರ್ಧ ಲೀಟರ್‌ನಿಂದ ಮುಕ್ಕಾಲು ಲೀಟರ್ ನೀರು, ಬೇಸಿಗೆಯಲ್ಲಿ ಚಿಟಿಕೆ ಉಪ್ಪು. ರವಿವಾರ ಜೇಬಿನಲ್ಲಿ ಬಾಳೆಹಣ್ಣು, ಬೆಲ್ಲ. ಶೇಂಗಾ ಉಂಡಿ ಮನೆಗೆ ಬಂದಮೇಲೆ, ಅದು ಬೇಗ ಅರಗೋದಿಲ್ಲ. ಸೀಟು ತಗ್ಗಿದ್ದರೆ ಮೊಣಕಾಲಿನ ಮುಂಭಾಗ ನೋಯ್ತದೆ, ಎತ್ತರವಾದರೆ ಹಿಂಭಾಗ. ಜಾಲಿಮುಳ್ಳಿನ ಸೀಮೆ ನಮ್ಮದು, ಒಂದು ಟ್ಯೂಬ್ ಸಂಗಡ ಇರಲಿ. ಟೈರಿನ ಗಾಳಿ, ಚೈನು ರಾತ್ರಿಯೇ ನೋಡಿಡಿ. ನಸುಕಿನಲ್ಲಿ ಪಂಪ್ ಹುಡುಕುತ್ತಾ ಹೋದರೆ ಆ ದಿನ ತಪ್ಪೋದು ಖಚಿತ.

ಒಂದು ದಿನ ತಪ್ಪಿದರೆ ಏನೂ ಕಡಿಮೆಯಾಗೋದಿಲ್ಲ. ಪೂರ್ತಿ ಎರಡು ವಾರ ಬಿಟ್ಟರೆ ಮಾತ್ರ ದಮ್ಮು ಇಳಿಯೋದು ಗೊತ್ತಾಗ್ತದೆ. ಹಾಗಾಗಿ ತಪ್ಪಿದ 40 ಕಿಲೋಮೀಟರನ್ನು ಮರುದಿನ ಕೂಡಿಸಿ 80 ಮಾಡಬೇಡಿ, ಆ ದಿನಕ್ಕೆ ಬರೆದದ್ದನ್ನೇ ಮಾಡಿ.