80ರ ದಶಕದ ರಾಕ್‌ನಲ್ಲಿ ಕೇಳ್ಲೇಬೇಕಾದ ಆಲ್ಬಂ ಯಾವ್ದು, ಎಲ್ಲಿಂದ ಶುರು ಮಾಡ್ಲಿ?

ನೂರು ಆಲ್ಬಂ ಲಿಸ್ಟ್ ಹಿಡ್ಕೊಂಡು ಕೂತ್ರೆ ಹತ್ತನೇದಕ್ಕೇ ತಲೆ ಚಿಟ್ಟು ಹಿಡಿಯತ್ತೆ, ಮೊದ್ಲು ಐದಾರು ಸಾಕು. ಆದ್ರೆ ಷಫಲ್ ಆಫ್ ಮಾಡಿ, ಯಾಕಂದ್ರೆ ಅದು ಎಲ್‌ಪಿ ರೆಕಾರ್ಡ್, ಕ್ಯಾಸೆಟ್ ಕಾಲ, ಎ ಸೈಡ್ ಬಿ ಸೈಡ್ ಅಂತ ಯೋಚ್ನೆ ಮಾಡೇ ಹಾಡು ಜೋಡಿಸ್ತಿದ್ರು.

ಎಸಿ/ಡಿಸಿ ಬ್ಯಾಂಡ್‌ನ 'ಬ್ಯಾಕ್ ಇನ್ ಬ್ಲ್ಯಾಕ್' (1980) ಇಂದ ಶುರು ಮಾಡಿ. ಸಿಂಗರ್ ಬಾನ್ ಸ್ಕಾಟ್ ತೀರ್ಕೊಂಡ ವರ್ಷವೇ ಬ್ರಯಾನ್ ಜಾನ್ಸನ್‌ನ ಸೇರಿಸ್ಕೊಂಡು ಮಾಡಿದ್ದು, ಮೊದಲ ಹಾಡು ಗಂಟೆ ಸದ್ದಲ್ಲಿ ಶುರು, ಕವರ್ ಪೂರ್ತಿ ಕಪ್ಪು. ಆಮೇಲೆ ಐರನ್ ಮೇಡನ್‌ನ 'ದ ನಂಬರ್ ಆಫ್ ದ ಬೀಸ್ಟ್' (1982), ಇವ್ರು 2007ರಲ್ಲಿ ನಮ್ಮ ಬೆಂಗಳೂರಿನ ಅರಮನೆ ಮೈದಾನಕ್ಕೂ ಬಂದಿದ್ರು ಬಿಡಿ.

ಮೆಟಾಲಿಕಾದಲ್ಲಿ ಎರಡು ಕೇಳಿ. 'ಮಾಸ್ಟರ್ ಆಫ್ ಪಪೆಟ್ಸ್' (1986)ನಲ್ಲಿ ಕ್ಲಿಫ್ ಬರ್ಟನ್‌ನ ಬೇಸ್ ಗಿಟಾರ್ ಚೆನ್ನಾಗಿ ಕೇಳ್ಸತ್ತೆ, ಅದೇ ವರ್ಷ ಸ್ವೀಡನ್‌ನಲ್ಲಿ ಬಸ್ ಆ್ಯಕ್ಸಿಡೆಂಟಲ್ಲಿ ಅವ್ನು ಹೋಗ್ಬಿಟ್ಟ, 1988ರ 'ಆ್ಯಂಡ್ ಜಸ್ಟಿಸ್ ಫಾರ್ ಆಲ್'ನಲ್ಲಿ ಹೊಸಬ ಜೇಸನ್ ನ್ಯೂಸ್ಟೆಡ್ ಬೇಸ್ ಹುಡುಕಿದ್ರೂ ಸಿಗಲ್ಲ, ಮಿಕ್ಸಿಂಗಲ್ಲಿ ಅಷ್ಟು ಕಮ್ಮಿ ಮಾಡ್ಬಿಟ್ಟಿದಾರೆ! ಹೆಡ್‌ಫೋನ್ ಹಾಕಿ ಬೆನ್ನುಬೆನ್ನಿಗೆ ಕೇಳಿದ್ರೆ ಗೊತ್ತಾಗತ್ತೆ.

1987ಕ್ಕೆ ಯು2ದು 'ದ ಜೋಶುವಾ ಟ್ರೀ', ಗನ್ಸ್ ಆ್ಯಂಡ್ ರೋಸಸ್‌ದು 'ಆ್ಯಪಟೈಟ್ ಫಾರ್ ಡಿಸ್ಟ್ರಕ್ಷನ್'. ಮೊದಲನೇದ್ರಲ್ಲಿ ಗಿಟಾರ್ ಡಿಲೇ (ಸದ್ದು ಪ್ರತಿಧ್ವನಿ ಥರ ಮತ್ತೆ ಮತ್ತೆ ಬರೋ ಎಫೆಕ್ಟ್) ಹಾಕ್ಕೊಂಡು ತೇಲತ್ತೆ, ಇನ್ನೊಂದು ಸೀದಾ ಜಗಳಕ್ಕೇ ಬರತ್ತೆ, ಯಾವ್ದು ಹಿಡಿಸ್ತೋ ಆ ದಾರಿ ಹಿಡೀರಿ.

ಎರಡೂ ಹಿಡಿಸ್ಲಿಲ್ವಾ, ಪಿಕ್ಸೀಸ್‌ನ 'ಡೂಲಿಟಲ್' (1989) ಹಾಕಿ. ಮೆಲ್ಲಗೆ ಹಾಡ್ತಾ ಹಾಡ್ತಾ ಒಂದೇ ಸಲ ಕಿರುಚೋದು, ಇದನ್ನೇ ಆಮೇಲೆ ನಿರ್ವಾಣ ಅನ್ನೋ ಬ್ಯಾಂಡ್‌ನವ್ರು ಎತ್ಕೊಂಡಿದ್ದು.