ಕೋಲಾರದ ಕಡೆ ಆರ್ಥಿಕ ಸ್ಥಿತಿ ಚೇತರಿಸಿಕೊಳ್ಳುತ್ತಿದೆಯೇ ಎಂದು ದಿನನಿತ್ಯದ ಯಾವ ಗುರುತುಗಳಿಂದ ತಿಳಿಯಬಹುದು?

ಬೆಂಗಳೂರಿನ ಕೆಲಸ ಬಿಟ್ಟು ಕೋಲಾರದಲ್ಲಿ ಮಿಕ್ಸಿ, ಫ್ರಿಜ್, ಫ್ಯಾನುಗಳ ಅಂಗಡಿ ತೆರೆಯಬೇಕೆಂದಿರುವ ತಾವು, ಸರ್ಕಾರದ ವರದಿಗಳಿಗೆ ಕಾಯದೆ, ಕಣ್ಣಿಗೆ ಕಾಣುವ ಗುರುತುಗಳಿಂದಲೇ ಊರಿನ ಸ್ಥಿತಿ ಸುಧಾರಿಸುತ್ತಿದೆಯೋ ಇಲ್ಲವೋ ಎಂದು ತಿಳಿಯಬಹುದೇ ಎಂದು ಕೇಳಿದ್ದೀರಿ. ಖಂಡಿತ ತಿಳಿಯಬಹುದು. ಆದರೆ ಜನ ಎಷ್ಟು ಖರ್ಚು ಮಾಡುತ್ತಿದ್ದಾರೆ ಎಂಬುದನ್ನಷ್ಟೇ ನೋಡಿದರೆ ಮೋಸ ಹೋಗುವ ಸಂಭವ ಹೆಚ್ಚು, ಏಕೆಂದರೆ ಸಾಲ ಮಾಡಿಯೂ ಖರ್ಚು ಮಾಡಬಹುದು. ಹಳೆಯ ಸಾಲ ತೀರುತ್ತಿದೆಯೇ ಎಂಬುದನ್ನು ನೋಡಬೇಕು. ನಾನು ಈ ಜಿಲ್ಲೆಯ ಬ್ಯಾಂಕ್ ಶಾಖೆಗಳ ಸಾಲ ವಿಭಾಗದಲ್ಲಿ ಬಹುಕಾಲ ದುಡಿದು ನಿವೃತ್ತನಾದವನು. ನನ್ನ ಉತ್ತರ ಆ ಕಡೆಗೆ ವಾಲಿರುವುದು ಸಹಜ, ಆದರೂ ಅದೇ ಸರಿಯಾದ ಕಡೆ ಎಂದು ನಾನು ನಂಬಿದ್ದೇನೆ.

ಮೊದಲನೆಯದಾಗಿ ಒಡವೆಯ ವಿಚಾರ. ನಮ್ಮ ಕಡೆಯ ಮನೆಗಳಲ್ಲಿ ಕೊಳವೆಬಾವಿ ಕೊರೆಸುವುದಕ್ಕೆ, ಟೊಮೆಟೊ ಸಸಿ ಮತ್ತು ಔಷಧಿ ತರುವುದಕ್ಕೆ, ಮಕ್ಕಳ ಕಾಲೇಜು ಶುಲ್ಕ ಕಟ್ಟುವುದಕ್ಕೆ ಎಲ್ಲಕ್ಕಿಂತ ಮೊದಲು ಮನೆಯಿಂದ ಹೊರಗೆ ಹೋಗುವುದು ಹೆಣ್ಣುಮಕ್ಕಳ ಸರ ಮತ್ತು ಬಳೆ. ಹಾಗೆ ಅಡವಿಟ್ಟ ಒಡವೆಯನ್ನು ಪೂರ್ತಿ ಹಣ ಕಟ್ಟಿ ಬಿಡಿಸಿಕೊಂಡು ಹೋಗುವವರು ಹೆಚ್ಚಾದರೆ ಊರು ಚೇತರಿಸಿಕೊಳ್ಳುತ್ತಿದೆ ಎಂದೇ ಅರ್ಥ. ಬಡ್ಡಿಯನ್ನಷ್ಟೇ ಕಟ್ಟಿ, ಅದೇ ಒಡವೆಯನ್ನು ಮತ್ತೆ ಅದೇ ದಿನ ಅಡವಿಟ್ಟು ಹೋಗುವವರು ಹೆಚ್ಚಾದರೆ ಲೆಕ್ಕದ ಪುಸ್ತಕದಲ್ಲಿ ಹಳೆಯ ಸಾಲ ತೀರಿದಂತೆ ಕಾಣುತ್ತದೆಯೇ ಹೊರತು ಮನೆಯ ಕಷ್ಟ ಕಡಿಮೆಯಾಗಿರುವುದಿಲ್ಲ. ಇಲ್ಲಿ ಇನ್ನೊಂದು ಎಚ್ಚರಿಕೆಯೂ ಬೇಕು. ಚಿನ್ನದ ಸಾಲದ ಮೊತ್ತ ಏರಿದೆ ಎಂಬ ಪತ್ರಿಕೆಯ ಸುದ್ದಿಯನ್ನು ರೂಪಾಯಿಯಲ್ಲಿ ಓದಬಾರದು, ಗ್ರಾಮಿನಲ್ಲಿ ಓದಬೇಕು. ಚಿನ್ನದ ಬೆಲೆ ಏರಿದಾಗ ಅದೇ ಎರಡೆಳೆ ಸರಕ್ಕೆ ಹೆಚ್ಚು ಸಾಲ ಸಿಗುತ್ತದೆ. ನಿಯಮ ಸಡಿಲವಾದಾಗಲೂ ಹಾಗೆಯೇ. 2020ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್, ಬ್ಯಾಂಕುಗಳು ಕೃಷಿಯೇತರ ಅಗತ್ಯಗಳಿಗೆ ಒಡವೆಯ ಮೌಲ್ಯದ ಶೇಕಡ 75ರ ಬದಲು ಶೇಕಡ 90ರವರೆಗೆ ಸಾಲ ಕೊಡಬಹುದೆಂದು 2021ರ ಮಾರ್ಚ್ ಅಂತ್ಯದವರೆಗೆ ಅವಕಾಶ ನೀಡಿತ್ತು. ಆಗ ಮೊತ್ತ ಹೆಚ್ಚಿದ್ದು ಜನರ ಬಳಿ ಚಿನ್ನ ಹೆಚ್ಚಿದ್ದರಿಂದಲ್ಲ, ಸಂಪಾದನೆ ಹೆಚ್ಚಿದ್ದರಿಂದ ಮೊದಲೇ ಅಲ್ಲ.

ಇದನ್ನು ಹೊರಗಿನವರು ತಿಳಿಯುವುದು ಹೇಗೆ ಎಂದು ತಾವು ಕೇಳಬಹುದು. ಬ್ಯಾಂಕುಗಳಲ್ಲಿ ಒಡವೆ ಪರೀಕ್ಷಿಸಿ ತೂಕ ಹಾಕುವ ಅಕ್ಕಸಾಲಿಗರು ಇರುತ್ತಾರೆ, ಅವರಲ್ಲಿ ಹಲವರಿಗೆ ಪೇಟೆಯಲ್ಲಿ ಸ್ವಂತ ಅಂಗಡಿಯೂ ಇರುತ್ತದೆ. ಯಾರ ಹೆಸರನ್ನೂ ಕೇಳದೆ, ಈ ತಿಂಗಳು ಇಡುವವರು ಹೆಚ್ಚೋ ಬಿಡಿಸುವವರು ಹೆಚ್ಚೋ ಎಂದಷ್ಟೇ ವಿಚಾರಿಸಿದರೆ ಅವರು ಒಂದೇ ಮಾತಿನಲ್ಲಿ ಹೇಳಬಲ್ಲರು. ಸಾಲ ತೀರದ ಒಡವೆಗಳ ಹರಾಜು ಪ್ರಕಟಣೆಗಳು ದಿನಪತ್ರಿಕೆಗಳಲ್ಲಿ ಬರುತ್ತವೆ. ಕೋಲಾರ, ಮುಳಬಾಗಿಲು, ಬಂಗಾರಪೇಟೆ, ಮಾಲೂರು, ಶ್ರೀನಿವಾಸಪುರ ಶಾಖೆಗಳ ಪಟ್ಟಿ ಉದ್ದವಾಗುತ್ತಿದೆಯೋ ಮೊಟಕಾಗುತ್ತಿದೆಯೋ ಎಂದು ಕೆಲವು ತಿಂಗಳು ಗಮನಿಸಿದರೆ ಸಾಕು.

ಹಲವರು ತಿಂಗಳು ತಿಂಗಳು ಕಂತು ಹಾಕಿ, ಎಲ್ಲರಿಗಿಂತ ಕಡಿಮೆ ಮೊತ್ತಕ್ಕೆ ಒಪ್ಪಿದವರು ಆ ತಿಂಗಳ ಹಣ ಎತ್ತಿಕೊಳ್ಳುವ ಹರಾಜು ಚೀಟಿಯೂ ಅಷ್ಟೇ ನಂಬಿಕೆಗೆ ಅರ್ಹವಾದ ಗುರುತು. ಒಂದು ಲಕ್ಷದ ಚೀಟಿಯನ್ನು ಎಪ್ಪತ್ತು ಸಾವಿರಕ್ಕೇ ಎತ್ತಿಕೊಳ್ಳಲು ಜನ ಪೈಪೋಟಿ ಮಾಡುತ್ತಿದ್ದರೆ ಅವರಿಗೆ ನಗದಿನ ತುರ್ತು ಎಷ್ಟಿದೆ ಎಂಬುದು ಬೇರೆ ಹೇಳಬೇಕಿಲ್ಲ. ತೊಂಬತ್ತಕ್ಕಿಂತ ಕೆಳಗೆ ಇಳಿಯಲು ಯಾರೂ ಸಿದ್ಧರಿಲ್ಲವೆಂದರೆ ಮನೆಗಳಲ್ಲಿ ಸ್ವಲ್ಪ ಉಸಿರಾಡುವ ಅವಕಾಶವಿದೆ. ಆದರೆ ಚೀಟಿಯ ಮೊದಲ ತಿಂಗಳುಗಳಲ್ಲಿ ಕೂಗು ಸಹಜವಾಗಿಯೇ ಕೆಳಗೆ ಇಳಿಯುತ್ತದೆ; ಆದ್ದರಿಂದ ಹಿಂದಿನ ವರ್ಷದ ಚೀಟಿಯ ಅದೇ ಕಂತಿನೊಂದಿಗೆ ಹೋಲಿಸಿ ನೋಡಬೇಕು.

ಕೋಲಾರ ಎಂದೊಡನೆ ಎಲ್ಲರೂ ಟೊಮೆಟೊ ಬೆಲೆಯನ್ನು ಕೇಳುತ್ತಾರೆ. ಈ ಒಂದು ಗುರುತನ್ನು ನಂಬಿ ಲೆಕ್ಕ ಹಾಕಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕಿಲೋ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ದೇಶವೆಲ್ಲ ನಮ್ಮ ರೈತರು ಲಕ್ಷಾಧಿಪತಿಗಳಾದರೆಂದು ಮಾತನಾಡಿತು. ಬೆಲೆ ಅಷ್ಟು ಏರಿದ್ದಕ್ಕೆ ಕಾರಣವೇ ಬೆಳೆ ಕೈಕೊಟ್ಟಿದ್ದು. ಬಿಳಿನೊಣದಿಂದ ಹರಡುವ ಎಲೆಮುದುಡು ರೋಗಕ್ಕೆ ತೋಟಗಳು ತುತ್ತಾಗಿ ಹೆಚ್ಚಿನವರ ಬಳಿ ಮಾರಲು ಮಾಲೇ ಇರಲಿಲ್ಲ. ಹಣ ಬಂದದ್ದು ಬೆಳೆ ಉಳಿದ ಕೆಲವರಿಗೆ. ಅದರ ಬದಲು ಮೂರನೆಯ, ನಾಲ್ಕನೆಯ ಕೊಯ್ಲು ನಡೆಯುತ್ತಿದೆಯೇ ನೋಡಿ. ಕೀಳುವ ಕೂಲಿ, ಸಾಗಣೆ, ಮಂಡಿಯ ಕಮಿಷನ್ ಕಳೆದ ಮೇಲೆ ಏನಾದರೂ ಉಳಿಯುತ್ತದೆಂದಾದರೆ ಮಾತ್ರ ರೈತ ಆ ಕೊಯ್ಲಿಗೆ ಆಳು ಕರೆಯುತ್ತಾನೆ. ಇಲ್ಲವಾದರೆ ಹಣ್ಣು ಗಿಡದಲ್ಲೇ ಕೊಳೆಯುತ್ತದೆ ಅಥವಾ ದನಕ್ಕೆ ಹೋಗುತ್ತದೆ. ನರ್ಸರಿಯಲ್ಲಿ ಸಸಿಯನ್ನು, ಅಂಗಡಿಯಲ್ಲಿ ಗಿಡದ ಬುಡದ ಮಣ್ಣಿಗೆ ಹೊದಿಸುವ ಪ್ಲಾಸ್ಟಿಕ್ ಮಲ್ಚಿಂಗ್ ಶೀಟನ್ನು ಜನ ನಗದು ಕೊಟ್ಟು ಒಯ್ಯುತ್ತಿದ್ದಾರೋ, ಮಂಡಿಯವರಿಂದ ಮುಂಗಡ ಪಡೆದು ಒಯ್ಯುತ್ತಿದ್ದಾರೋ ಎಂಬುದನ್ನೂ ವಿಚಾರಿಸಿ. ಮುಂಗಡ ಪಡೆದವನು ಅದೇ ಮಂಡಿಗೆ ಮಾಲು ಹಾಕಬೇಕು, ಹೀಗಾಗಿ ಬೆಲೆ ಏರಿದ ದಿನವೂ ಅವನ ಕೈಗೆ ಬರುವುದು ಹಳೆಯ ಬಾಕಿ ಮುರಿದುಕೊಂಡು ಉಳಿದದ್ದೇ.

ಹಾಲಿನ ಮಾತು ಬೇರೆ. ಡೇರಿಯ ಬಟವಾಡೆ ನಮ್ಮ ಹಳ್ಳಿಗಳಿಗೆ ತಪ್ಪದೆ ಬರುವ ಆದಾಯ, ಹೆಚ್ಚಿನ ಕಡೆ ಹದಿನೈದು ದಿನಕ್ಕೊಮ್ಮೆ. ಹಳ್ಳಿಯ ಕಿರಾಣಿ ಅಂಗಡಿಯ ಉದ್ರಿ ಪುಸ್ತಕವೂ ಅದೇ ತಾಳಕ್ಕೆ ನಡೆಯುತ್ತದೆ. ಬಟವಾಡೆಯ ದಿನ ಬಾಕಿ ಪೂರ್ತಿ ಚುಕ್ತಾ ಆಗುತ್ತಿದೆಯೋ ಅಥವಾ ಅರ್ಧ ಕಟ್ಟಿ ಉಳಿದದ್ದು ಮುಂದಿನ ಬಟವಾಡೆಗೆ ಜಾರುತ್ತಿದೆಯೋ ಎಂಬುದಕ್ಕಿಂತ ನಿಖರವಾದ ಗುರುತು ತಮ್ಮಂತಹ ಅಂಗಡಿಯವರಿಗೆ ಸಿಗುವುದು ಕಷ್ಟ. ಬೂಸಾ, ಹಿಂಡಿ ಮಾರುವವರನ್ನೂ ಇದೇ ಪ್ರಶ್ನೆ ಕೇಳಿ. ಹಿಂಡಿ ಕಡಿಮೆ ಮಾಡಿ ಬರೀ ಮೇವಿನ ಮೇಲೆ ಹಸು ಸಾಕುವ ಸ್ಥಿತಿ ಬಂದರೆ ಹಾಲಿನ ಅಳತೆ ಕುಸಿಯುವುದು ಆಮೇಲೆ. ಕಷ್ಟ ಶುರುವಾಗಿರುವುದು ಅದಕ್ಕೆ ಮೊದಲೇ.

ಹಿಂದೆ ಉಪಯೋಗಕ್ಕೆ ಬರುತ್ತಿದ್ದ ಕೆಲವು ಗುರುತುಗಳು ಈಗ ಕೆಟ್ಟುಹೋಗಿವೆ. ಬಸ್ಸುಗಳು ತುಂಬಿ ಹೋಗುವುದನ್ನು ನೋಡಿ ಜನರ ಬಳಿ ಹಣ ಓಡಾಡುತ್ತಿದೆ ಎನ್ನುತ್ತಿದ್ದ ಕಾಲವಿತ್ತು. 2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನ ನೂಕುನುಗ್ಗಲಿನಿಂದ ಸಂಪಾದನೆಯನ್ನು ಅಳೆಯಲಾಗದು. ಆ ಯೋಜನೆ ಹೆಣ್ಣುಮಕ್ಕಳಿಗೆ ದೂರದ ಕೆಲಸಕ್ಕೂ ಆಸ್ಪತ್ರೆಗೂ ಹೋಗಿಬರುವ ಧೈರ್ಯ ಕೊಟ್ಟಿದೆ, ಅದು ನನಗೆ ಸಂತೋಷವೇ. ಮನೆಯ ಯಜಮಾನಿಗೆ ಸರ್ಕಾರ ಕೊಡುವ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಜಮೆಯಾದ ವಾರ ಪೇಟೆಯಲ್ಲಿ ಕಾಣುವ ವ್ಯಾಪಾರವನ್ನೂ ಇಡೀ ತಿಂಗಳಿಗೆ ಹಿಗ್ಗಿಸಿ ಲೆಕ್ಕ ಹಾಕಬೇಡಿ.

ಸಂಬಳದ ಕಡೆ ನೋಡುವುದಾದರೆ ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳಿಗೆ ಹೋಗುವ ಕಂಪನಿ ಬಸ್ಸುಗಳು ಯಾವ ಯಾವ ಹಳ್ಳಿಯವರೆಗೆ ಬರುತ್ತಿವೆ, ಅಲ್ಲಿ ಬಾಡಿಗೆ ಕೊಠಡಿಗಳು ಖಾಲಿ ಬಿದ್ದಿವೆಯೇ ಎಂಬುದು ಒಳ್ಳೆಯ ಸೂಚನೆ. ಆದರೆ ಕೆಲಸ ಸಿಕ್ಕವರ ಸಂಖ್ಯೆಗಿಂತ ಸಂಬಳ ಹೇಳಿದ ದಿನ, ಹೇಳಿದಷ್ಟು ಬರುತ್ತಿದೆಯೇ ಎಂಬುದು ಮುಖ್ಯ. 2020ರ ಡಿಸೆಂಬರ್‌ನಲ್ಲಿ ನರಸಾಪುರದ ಒಂದು ಕಾರ್ಖಾನೆಯಲ್ಲಿ ವೇತನದ ವಿಚಾರವಾಗಿಯೇ ದೊಡ್ಡ ಗಲಭೆಯಾಯಿತು. ಚಿನ್ನದ ಗಣಿಯ ಊರಾದ ಕೆಜಿಎಫ್ ಕಡೆಯ ಸ್ಥಿತಿಯೇ ಬೇರೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಆ ಊರಿನ ಅಸಂಖ್ಯ ಮನೆಗಳು ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವವರ ದುಡಿಮೆಯಿಂದ ನಡೆಯುತ್ತಿವೆ. ಆ ರೈಲು ತುಂಬಿದ್ದರೆ ಬೆಂಗಳೂರಿನಲ್ಲಿ ಕೆಲಸವಿದೆ ಎಂದಷ್ಟೇ ತಿಳಿಯಬಹುದು. ದಿನದ ಅಷ್ಟು ಗಂಟೆಗಳನ್ನು ಹಳಿಯ ಮೇಲೆ ಕಳೆಯುವ ಆ ಜನರಿಗೆ ತಮ್ಮ ಊರಿನಲ್ಲೇ ಕೆಲಸ ಸಿಗುವವರೆಗೆ ಕೆಜಿಎಫ್ ಚೇತರಿಸಿಕೊಂಡಿತೆಂದು ಒಪ್ಪಲು ನನ್ನ ಮನಸ್ಸು ಸಿದ್ಧವಿಲ್ಲ.

ಇನ್ನು ಮನೆ ಕಟ್ಟುವ ಕೆಲಸ. ತಾರಸಿ ಹಾಕಿ, ಗಾರೆ ಮಾಡದೆ, ಕಿಟಕಿಗೆ ಬಾಗಿಲಿಲ್ಲದೆ ವರ್ಷಗಟ್ಟಲೆ ನಿಂತ ಮನೆಗಳು ಪ್ರತಿ ಊರಿನಲ್ಲೂ ಇವೆ. ಹೊಸ ಪಾಯ ತೋಡುವುದಕ್ಕಿಂತ ಇಂತಹ ನಿಂತ ಮನೆಗಳಿಗೆ ಗಾರೆ ಬೀಳುವುದನ್ನು ನಾನು ಹೆಚ್ಚು ನಂಬುತ್ತೇನೆ. ಹೊಸ ಪಾಯಕ್ಕೆ ಸಾಲ ಸಿಗುತ್ತದೆ, ಅರ್ಧಕ್ಕೆ ನಿಂತ ಮನೆಯನ್ನು ಮುಗಿಸಲು ಬಹುಪಾಲು ಕೈಯ ಹಣವೇ ಬೇಕು. ತಮ್ಮ ಅಂಗಡಿಗೂ ಇದು ನೇರ ಸಂಬಂಧದ ಗುರುತು, ಏಕೆಂದರೆ ಗಾರೆಯಾದ ಮನೆಗೇ ಫ್ಯಾನು ಬರುವುದು. ಬೆಳಿಗ್ಗೆ ಕೂಲಿಗಾಗಿ ವೃತ್ತಗಳಲ್ಲಿ ನಿಲ್ಲುವವರಲ್ಲಿ ಹತ್ತು ಗಂಟೆಯಾದರೂ ಮೇಸ್ತ್ರಿ ಕರೆಯದೆ ಉಳಿದವರು ಎಷ್ಟು ಮಂದಿ ಎಂಬುದನ್ನೂ ಗಮನಿಸಿ.

ಕಿರುಸಾಲದ, ಅಂದರೆ ಮೈಕ್ರೋಫೈನಾನ್ಸಿನ ಬಗ್ಗೆ ಬರೆಯುವಾಗ ನನಗೆ ನೋವಾಗುತ್ತದೆ. ಒಂದು ಸಂಘದ ವಾರದ ಕಂತು ಕಟ್ಟಲು ಇನ್ನೊಂದು ಕಡೆ ಸಾಲ ಎತ್ತುವ ಹೆಣ್ಣುಮಕ್ಕಳನ್ನು ನಾನು ಬಹಳ ನೋಡಿದ್ದೇನೆ. ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತೆಂದರೆ ಸ್ಥಿತಿ ಎಲ್ಲಿಗೆ ಮುಟ್ಟಿತ್ತೆಂದು ಊಹಿಸಬಹುದು. ಕಂತಿನ ಮೇಲೆ ವಸ್ತು ಕೊಡುವ ಯೋಚನೆ ತಮಗಿದ್ದರೆ, ಆ ಮನೆಯಲ್ಲಿ ಈಗಾಗಲೇ ಎಷ್ಟು ಕಂತುಗಳಿವೆ ಎಂದು ಮೊದಲು ಕೇಳಿ. ಮುಂಗಡವಿಲ್ಲದೆ ಬೈಕು, ಟಿವಿ ಮಾರಾಟವಾಗುತ್ತಿರುವುದನ್ನು ಬೆಳವಣಿಗೆ ಎಂದು ನಾನು ಎಣಿಸುವುದಿಲ್ಲ.

ಕೊನೆಯದಾಗಿ, ಜಿಲ್ಲೆಯನ್ನು ಒಂದೇ ಎಂದು ನೋಡಬೇಡಿ. 2025ರ ಜೂನ್‌ನಲ್ಲಿ ತೋತಾಪುರಿ ಮಾವಿನ ಬೆಲೆ ಕುಸಿದು, ಪಕ್ಕದ ಆಂಧ್ರದ ಚಿತ್ತೂರು ಜಿಲ್ಲೆಯವರು ನಮ್ಮ ಹಣ್ಣನ್ನು ಒಳಗೆ ಬಿಡದೆ ತಡೆದಾಗ ಶ್ರೀನಿವಾಸಪುರದ ಬೆಳೆಗಾರರಿಗೆ ಬಿದ್ದ ಪೆಟ್ಟು ಕಾರ್ಖಾನೆಗಳ ಸಂಬಳವಿರುವ ಮಾಲೂರಿಗೆ ಬೀಳಲಿಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರುತ್ತಿರುವ ಕೆರೆಗಳ ಸುತ್ತಲಿನ ಊರುಗಳಿಗೂ ನೀರು ಮುಟ್ಟದ ಊರುಗಳಿಗೂ ಕೊಳವೆಬಾವಿಯ ಸಾಲದಲ್ಲೇ ವ್ಯತ್ಯಾಸ ಕಾಣುತ್ತದೆ. ತಮ್ಮ ಗಿರಾಕಿಗಳು ಯಾವ ದಿಕ್ಕಿನ ಹಳ್ಳಿಗಳಿಂದ ಬರುತ್ತಾರೆಂದು ನಿಶ್ಚಯಿಸಿಕೊಂಡು, ಆ ಹಳ್ಳಿಗಳಲ್ಲಿ ಯುಗಾದಿಯಿಂದ ಮಾವಿನ ಸುಗ್ಗಿ ಮುಗಿಯುವವರೆಗೆ ಉದ್ರಿ ಬಾಕಿ ಮತ್ತು ಒಡವೆಯ ವಿಚಾರವನ್ನು ವಿಚಾರಿಸಿ ನೋಡಿ. ಮದುವೆಗಳು ನಡೆಯುವುದೂ ಶಾಲಾ ಶುಲ್ಕ ಕಟ್ಟುವುದೂ ಆ ತಿಂಗಳುಗಳಲ್ಲೇ. ಅಷ್ಟು ಖರ್ಚಿನ ನಡುವೆಯೂ ಅಲ್ಲಿಯ ಹಳೆಯ ಬಾಕಿ ಇಳಿಯುತ್ತಿದ್ದರೆ ಅಂಗಡಿಗೆ ಮುಂಗಡ ಕೊಡಿ, ಇಳಿಯದಿದ್ದರೆ ಬೆಂಗಳೂರಿನ ಕೆಲಸವನ್ನು ಇನ್ನೊಂದು ವರ್ಷ ಬಿಡಬೇಡಿ.