ಮೇಷ್ಟ್ರನ್ನು ಕೇಳಿ: ಒಡೆಯುವ ಮೊದಲಿನ ಅಮೆರಿಕ

ಹೋದ ತಿಂಗಳು ಅಮೆರಿಕದ ಅಧ್ಯಕ್ಷ ಲಿಂಕನ್ ಬಗ್ಗೆ, ಗುಲಾಮಗಿರಿಯ ವಿಚಾರಕ್ಕೆ ಅಲ್ಲಿನ ಉತ್ತರ ದಕ್ಷಿಣದವರು ಕಾದಾಡಿದ ಅಂತರ್ಯುದ್ಧದ ಬಗ್ಗೆ ಬಂದ ಪ್ರಶ್ನೆಗೆ ಉತ್ತರಿಸುವಾಗ, "ಆ ಜಗಳ 1861ರಲ್ಲಿ ಹುಟ್ಟಿದ್ದಲ್ಲ, ನಲವತ್ತು ವರ್ಷ ಮೊದಲೇ ಹೊಗೆ ಎದ್ದಿತ್ತು" ಅಂತ ಒಂದು ಸಾಲು ಸೇರಿಸಿ ಸುಮ್ಮನಾಗಿದ್ದೆ. ಉತ್ತರಕ್ಕಿಂತ ಆ ಸಾಲಿನ ಬಗ್ಗೆಯೇ ಪತ್ರಗಳು ಜಾಸ್ತಿ ಬಂದಿವೆ. ಈ ಸಲ ಪೂರ್ತಿ ಜಾಗ ಅವಕ್ಕೇ.

ಪ್ರಶ್ನೆ: ಮಿಸೌರಿ ಅನ್ನುವ ಒಂದು ರಾಜ್ಯವನ್ನು ಸೇರಿಸಿಕೊಳ್ಳುವುದಕ್ಕೆ ಅಷ್ಟೊಂದು ರಂಪ ಯಾಕಾಯಿತು? (ಪದವಿ ವಿದ್ಯಾರ್ಥಿನಿ, ಹಾಸನ)

ಅದು ಲೆಕ್ಕದ ಜಗಳ ಕಣಮ್ಮ. 1819ರ ಕೊನೆಗೆ ಅಮೆರಿಕದಲ್ಲಿ 22 ರಾಜ್ಯಗಳಿದ್ದವು. ದಕ್ಷಿಣದಲ್ಲಿ 11 ಗುಲಾಮಗಿರಿಯ ರಾಜ್ಯಗಳು, ಉತ್ತರದಲ್ಲಿ 11 ಅದು ಬೇಡ ಅಂದವು. ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ರಾಜ್ಯ ದೊಡ್ಡದಿರಲಿ ಚಿಕ್ಕದಿರಲಿ, ತಲಾ ಇಬ್ಬರು ಸದಸ್ಯರು. ಹಾಗಾಗಿ ಅಲ್ಲಿ ತಕ್ಕಡಿ ಸರಿಸಮ. ಕೆಳಮನೆಯಲ್ಲಿ ಮಾತ್ರ ಜನಸಂಖ್ಯೆಯ ಪ್ರಕಾರ ಸೀಟು. ಅಲ್ಲಿ ಉತ್ತರದವರ ಕೈ ಮೇಲಾಗುತ್ತಾ ಬಂದಿತ್ತು. ಅದೂ ಸಂವಿಧಾನ ದಕ್ಷಿಣಕ್ಕೆ ಒಂದು ಕೊಸರು ಹಾಕಿ ಕೊಟ್ಟಿದ್ದರೂ. ಆ ಕೊಸರು ಏನು ಗೊತ್ತಾ? ಐದು ಗುಲಾಮರನ್ನು ಮೂರು ಜನ ಅಂತ ಎಣಿಸುವುದು. ಅವರಿಗೆ ಓಟಿಲ್ಲ. ಅವರ ತಲೆ ಎಣಿಸಿ ಸೀಟು ಸಿಗುತ್ತಿದ್ದದ್ದು ಅವರ ಒಡೆಯರ ಸೀಮೆಗೆ.

ಇಂಥ ಹೊತ್ತಿನಲ್ಲಿ ಮಿಸೌರಿ ಬಾಗಿಲು ತಟ್ಟಿತು. ಅಲ್ಲಿ ಆಗಲೇ ಸುಮಾರು 10,000 ಗುಲಾಮರಿದ್ದರು. 1819ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಜೇಮ್ಸ್ ಟಾಲ್ಮ್ಯಾಡ್ಜ್ ಎಂಬ ಸದಸ್ಯ ಒಂದು ತಿದ್ದುಪಡಿ ತಂದ. ಇನ್ನು ಮುಂದೆ ಅಲ್ಲಿಗೆ ಹೊಸದಾಗಿ ಗುಲಾಮರನ್ನು ತರಬಾರದು. ರಾಜ್ಯವಾದ ಮೇಲೆ ಹುಟ್ಟುವ ಗುಲಾಮರ ಮಕ್ಕಳು 25 ವರ್ಷ ತುಂಬಿದಾಗ ಸ್ವತಂತ್ರರಾಗಬೇಕು. ಅಷ್ಟೇ. ಈಗಿರುವವರನ್ನು ಬಿಡಿ ಅಂತ ಕೂಡ ಅವನು ಕೇಳಲಿಲ್ಲ. ಆದರೂ ಜಾರ್ಜಿಯಾದ ಥಾಮಸ್ ಕಾಬ್ ಸಿಡಿದೆದ್ದ. ನೀವು ಹಚ್ಚಿದ ಈ ಬೆಂಕಿಯನ್ನು ಸಮುದ್ರದ ನೀರೆಲ್ಲ ತಂದು ಸುರಿದರೂ ಆರಿಸಲಾಗದು, ಅದಕ್ಕೆ ನೆತ್ತರಿನ ಕಡಲೇ ಬೇಕು ಅಂದ. ಟಾಲ್ಮ್ಯಾಡ್ಜ್ ಕೂಡ ಜಗ್ಗಲಿಲ್ಲ. ಒಕ್ಕೂಟ ಒಡೆಯುವುದೇ ಆದರೆ ಒಡೆಯಲಿ ಅಂದ. ಕೆಳಮನೆ ತಿದ್ದುಪಡಿ ಒಪ್ಪಿತು, ಸೆನೆಟ್ ತಳ್ಳಿಹಾಕಿತು.

ಮರುವರ್ಷ ರಾಜಿ ಆಯಿತು. ಆಗ ಮ್ಯಾಸಚೂಸೆಟ್ಸ್‌ನ ಭಾಗವಾಗಿದ್ದ ಮೇನ್ ಬೇರೆ ರಾಜ್ಯವಾಗಲು ಕಾಯುತ್ತಿತ್ತು. ಮೇನ್ ಗುಲಾಮರಿಲ್ಲದ ರಾಜ್ಯವಾಗಿ ಬರಲಿ, ಮಿಸೌರಿ ಗುಲಾಮರಿರುವ ರಾಜ್ಯವಾಗಿ ಬರಲಿ. 12ಕ್ಕೆ 12. ಇದರ ಜೊತೆಗೆ ಇಲಿನಾಯ್‌ನ ಸೆನೆಟರ್ ಜೆಸ್ಸಿ ಥಾಮಸ್ ಒಂದು ಗೆರೆ ಎಳೆದ. ಫ್ರಾನ್ಸಿನಿಂದ 1803ರಲ್ಲಿ ಕೊಂಡ ಲೂಯಿಸಿಯಾನ ನೆಲದಲ್ಲಿ, 36 ಡಿಗ್ರಿ 30 ನಿಮಿಷ ಅಕ್ಷಾಂಶದ ಮೇಲೆ, ಮಿಸೌರಿ ಒಂದನ್ನು ಬಿಟ್ಟು, ಗುಲಾಮಗಿರಿ ಕೂಡದು. ಮಿಸೌರಿಯ ಮೇಲಿನ ನಿರ್ಬಂಧ ಕೈಬಿಡಲು ಕೆಳಮನೆಯಲ್ಲಿ ಬಿದ್ದ ಓಟು 90ಕ್ಕೆ 87. ಉತ್ತರದ ಕೆಲವೇ ಜನ ಆ ಕಡೆ ವಾಲಿದ್ದರಿಂದ ಅದು ಪಾರಾಯಿತು. ಅವರ ಸಹಾಯ ಪಡೆದ ದಕ್ಷಿಣದವರೇ ಅವರನ್ನು ಗೌರವಿಸಲಿಲ್ಲ ನೋಡಿ. ವರ್ಜೀನಿಯಾದ ಜಾನ್ ರಾಂಡಾಲ್ಫ್ ಅವರಿಗೆ "ಹಿಟ್ಟಿನ ಮೋರೆಯವರು" ಅಂತ ಹೆಸರಿಟ್ಟ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. ಎಂಟು ಹತ್ತು ವರ್ಷ ನಾನು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಈ ಗೆರೆ ಎಳೆದು, ಕೆಳಗಡೆ ಮಿಸೌರಿ ಅಂತ ಬರೆಯುತ್ತಿದ್ದೆ. ಗುಲಾಮಗಿರಿ ಗೆರೆಯ ಕೆಳಗೆ ತಾನೇ, ಮಿಸೌರಿಯೂ ಕೆಳಗೇ ಇರಬೇಕು ಅಂತ ನನ್ನ ತರ್ಕ. ಒಂದು ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಅಟ್ಲಾಸ್ ತಂದು ಮೇಜಿನ ಮೇಲೆ ಬಿಚ್ಚಿದ. "ಸಾರ್, ಮಿಸೌರಿ ಮೇಲಿದೆ." ನೋಡಿದರೆ ಹೌದು! ಮೂಲೆಯಲ್ಲಿ ಬೂಟಿನ ಹಿಮ್ಮಡಿಯಂತೆ ಇಳಿದ ಚೂರು ಬಿಟ್ಟರೆ ಇಡೀ ರಾಜ್ಯ ಗೆರೆಯ ಮೇಲಿದೆ. ಗೆರೆ ಎಳೆದ ಕಾಗದದಲ್ಲೇ ಗೆರೆ ಮುರಿದಿದ್ದರು. ಆ ಹುಡುಗ ನನಗೆ ರಾಜಿಯ ಅರ್ಥ ಕಲಿಸಿದ.

ರಾಜಿಯಾದ 1820ರ ಏಪ್ರಿಲ್‌ನಲ್ಲಿ 77 ವರ್ಷದ ಮಾಜಿ ಅಧ್ಯಕ್ಷ ಥಾಮಸ್ ಜೆಫರ್ಸನ್ ಒಂದು ಪತ್ರ ಬರೆದ. ಈ ಸುದ್ದಿ ನಡುರಾತ್ರಿ ಬೆಂಕಿಯ ಗಂಟೆ ಹೊಡೆದಂತೆ ನನ್ನನ್ನು ಎಬ್ಬಿಸಿ ನಡುಗಿಸಿತು ಅಂದ. ಗುಲಾಮಗಿರಿ ಅಂದರೆ ತೋಳದ ಕಿವಿ ಹಿಡಿದುಕೊಂಡ ಹಾಗೆ, ಹಿಡಿದಿರಲೂ ಆಗದು, ಬಿಡಲೂ ಧೈರ್ಯವಿಲ್ಲ ಅಂತಲೂ ಬರೆದ. ಮಾತು ಚೆನ್ನಾಗಿದೆ. ಆದರೆ ಇದನ್ನು ಬರೆದವನು ಬಾಳಿನುದ್ದಕ್ಕೂ 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದವನು. ಅವನ ಹೋಲಿಕೆಯಲ್ಲಿ ತೋಳ ಯಾರು ಅಂತ ಯೋಚಿಸಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ.

ಪ್ರಶ್ನೆ: ಇಂಗ್ಲಿಷಿನಲ್ಲಿ ಬುರುಡೆ ಮಾತಿಗೆ 'ಬಂಕಮ್' ಅನ್ನುತ್ತಾರೆ. ಅದಕ್ಕೂ ಈ ಗಲಾಟೆಗೂ ಸಂಬಂಧ ಇದೆಯಂತೆ, ಹೌದಾ? (ಬ್ಯಾಂಕ್ ನೌಕರ, ಶಿವಮೊಗ್ಗ)

ಹೌದು. 1820ರ ಇದೇ ಚರ್ಚೆ. ಎಲ್ಲರಿಗೂ ಸಾಕಾಗಿ, ಮತಕ್ಕೆ ಹಾಕಿ ಅಂತ ಕೂಗುತ್ತಿದ್ದಾಗ ಉತ್ತರ ಕ್ಯಾರೊಲಿನಾದ ಫೆಲಿಕ್ಸ್ ವಾಕರ್ ಭಾಷಣಕ್ಕೆ ನಿಂತ. ಕೂತ್ಕೊಳ್ಳಪ್ಪಾ ಅಂದರೆ, ನಾನು ನಿಮಗಾಗಿ ಮಾತಾಡುತ್ತಿಲ್ಲ, ನಮ್ಮ ಬಂಕಮ್ ಕೌಂಟಿಗಾಗಿ ಅಂದ. ಊರಿನವರು ಪೇಪರಿನಲ್ಲಿ ಓದಿದರೆ ಸಾಕು ಅಂತ ಲೆಕ್ಕ. ಊರಿನ ಹೆಸರು ಬುರುಡೆಗೆ ಅಂಟಿಕೊಂಡಿತು. ಪಾಪ, ಆ ಊರಿನವರು ಏನು ಮಾಡಿದ್ದರು?

ಪ್ರಶ್ನೆ: ಬೇರೆ ಹೋಗುತ್ತೇವೆ ಅನ್ನುವ ಬೆದರಿಕೆ ಯಾವಾಗಲೂ ದಕ್ಷಿಣದವರದ್ದೇ ಅಲ್ವಾ? (ನಿವೃತ್ತ ಅಂಚೆ ಅಧಿಕಾರಿ, ಮಂಗಳೂರು)

ಅಲ್ಲ. ಮೊದಲು ಜೋರಾಗಿ ಗೊಣಗಿದವರು ಉತ್ತರದ ನ್ಯೂ ಇಂಗ್ಲೆಂಡಿನವರು. ಬ್ರಿಟನ್ ಜೊತೆಗಿನ 1812ರ ಯುದ್ಧದಲ್ಲಿ ಅವರ ಹಡಗು ವ್ಯಾಪಾರ ಮಣ್ಣುಪಾಲಾಗಿತ್ತು. 1814ರ ಡಿಸೆಂಬರಿನಲ್ಲಿ ಫೆಡರಲಿಸ್ಟ್ ಪಕ್ಷದ 26 ಜನ ಹಾರ್ಟ್‌ಫರ್ಡ್‌ನಲ್ಲಿ ಬಾಗಿಲು ಹಾಕಿಕೊಂಡು ಸಭೆ ಮಾಡಿದರು. ಒಕ್ಕೂಟ ಬಿಡುವ ಮಾತು ಹೊರಗೆ ಓಡಾಡುತ್ತಿತ್ತು, ಆದರೆ ಸಭೆ ಅಷ್ಟು ದೂರ ಹೋಗಲಿಲ್ಲ. ಸಂವಿಧಾನ ತಿದ್ದಿ ಅಂತ ಕೇಳಿತು. ಐದಕ್ಕೆ ಮೂರರ ಎಣಿಕೆ ತೆಗೆಯಿರಿ ಅನ್ನುವುದು ಒಂದು ಬೇಡಿಕೆ. ಒಂದೇ ರಾಜ್ಯದವರು ಬೆನ್ನುಬೆನ್ನಿಗೆ ಅಧ್ಯಕ್ಷರಾಗಬಾರದು ಅನ್ನುವುದು ಇನ್ನೊಂದು. ಅಲ್ಲಿಯವರೆಗಿನ ನಾಲ್ವರು ಅಧ್ಯಕ್ಷರಲ್ಲಿ ಮೂವರು ವರ್ಜೀನಿಯಾದವರು, ಹೊಟ್ಟೆಯುರಿ ಸಹಜ.

ಅವರ ದುರದೃಷ್ಟ ಕೇಳಿ. ಬೇಡಿಕೆ ಹಿಡಿದು ವಾಷಿಂಗ್ಟನ್ ಕಡೆ ಹೋದವರಿಗಿಂತ ದೊಡ್ಡ ಸುದ್ದಿ ಊರು ತುಂಬಿತ್ತು. ನ್ಯೂ ಆರ್ಲಿಯನ್ಸ್‌ನಲ್ಲಿ ಸೇನಾಪತಿ ಆಂಡ್ರ್ಯೂ ಜಾಕ್ಸನ್ ಬ್ರಿಟಿಷರನ್ನು ಗೆದ್ದಿದ್ದ, ಯುರೋಪಿನಲ್ಲಿ ಶಾಂತಿ ಒಪ್ಪಂದವೂ ಆಗಿತ್ತು. ಮದುವೆ ಮನೆಗೆ ಸಾಲ ಕೇಳಲು ಹೋದ ಹಾಗಾಯಿತು. ಫೆಡರಲಿಸ್ಟ್ ಪಕ್ಷ ಆಮೇಲೆ ಎದ್ದೇಳಲೇ ಇಲ್ಲ.

ಪ್ರಶ್ನೆ: ಕೇಂದ್ರದ ಕಾನೂನನ್ನು ಒಂದು ರಾಜ್ಯವೇ ರದ್ದು ಮಾಡಿದ ಕಥೆ ಇದೆಯಲ್ಲ, ಅದು ಬರೀ ಸುಂಕದ ಜಗಳವಾ? (ವಕೀಲರು, ಕಲಬುರಗಿ)

ವಕೀಲರು ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ಕಾಗದದಲ್ಲಿ ಸುಂಕದ ಜಗಳ. 1828ರಲ್ಲಿ ವಿದೇಶಿ ಸಾಮಾನಿನ ಮೇಲೆ ಭಾರಿ ಸುಂಕ ಬಿತ್ತು. ಉತ್ತರದ ಬಟ್ಟೆ ಗಿರಣಿ, ಕಬ್ಬಿಣದ ಕುಲುಮೆಗಳಿಗೆ ಅದು ನೆರಳು. ದಕ್ಷಿಣದವರು ಹತ್ತಿ ಬೆಳೆದು ಇಂಗ್ಲೆಂಡಿಗೆ ಮಾರುವವರು, ಸಾಮಾನು ಹೊರಗಿನಿಂದ ಕೊಳ್ಳುವವರು. ಅವರಿಗೆ ಅದು ಬರೆ. ದಕ್ಷಿಣ ಕ್ಯಾರೊಲಿನಾದ ಜಾರ್ಜ್ ಮೆಕ್‌ಡಫಿ, ನೂರು ಅಂಡಿಗೆ ಹತ್ತಿ ಬೆಳೆದರೆ ನಲವತ್ತು ಅಂಡಿಗೆ ಉತ್ತರದವರು ಕದ್ದಂತೆ ಅಂತ ಸಾರಿದ. ಲೆಕ್ಕ ಸರಿಯಿರಲಿಲ್ಲ, ಆದರೆ ರೈತನ ಕಿವಿಗೆ ನಾಟಿತು. ಹತ್ತಿಯ ಬೆಲೆ ಬಿದ್ದಿತ್ತು, ಅವರ ಹಳೆಯ ಹೊಲಗಳು ಸೊರಗಿದ್ದವು, ಅಲಬಾಮಾ, ಮಿಸಿಸಿಪ್ಪಿಯ ಹೊಸ ಮಣ್ಣು ಜಾಸ್ತಿ ಬೆಳೆಯುತ್ತಿತ್ತು. ಅದನ್ನೆಲ್ಲ ಸುಂಕದ ತಲೆಗೆ ಕಟ್ಟುವುದು ಸುಲಭ.

ಒಂದು ರಾಜ್ಯ ಒಪ್ಪದ ಕಾನೂನನ್ನು ತನ್ನ ಗಡಿಯೊಳಗೆ ತಡೆಯಬಹುದು ಅನ್ನುವ ವಾದವನ್ನು ಹೊಸೆದವನು ಜಾನ್ ಕ್ಯಾಲ್ಹೂನ್. ಹೆಸರು ಹಾಕದೆ ಬರೆದ. ಯಾಕೆ ಅಂದರೆ ಆಗ ಅವನೇ ದೇಶದ ಉಪಾಧ್ಯಕ್ಷ!

1830ರ ಏಪ್ರಿಲ್ 13, ಜೆಫರ್ಸನ್ ಹುಟ್ಟುಹಬ್ಬದ ಊಟ. ಆಗ ಜಾಕ್ಸನ್ ಅಧ್ಯಕ್ಷ. ಅವನು ಎದ್ದು ಲೋಟ ಎತ್ತಿ, "ನಮ್ಮ ಒಕ್ಕೂಟ: ಅದು ಉಳಿಯಲೇಬೇಕು" ಅಂದ. ಅವನ ಮಂತ್ರಿ, ಗಿಡ್ಡನೆಯ ವ್ಯಾನ್ ಬ್ಯೂರೆನ್, ಈ ನೋಟ ತಪ್ಪಬಾರದು ಅಂತ ಕುರ್ಚಿ ಹತ್ತಿ ನಿಂತನಂತೆ. ಮುಂದಿನ ಸರದಿ ಕ್ಯಾಲ್ಹೂನ್‌ದು. ಒಕ್ಕೂಟ ಪ್ರಿಯವೇ, ಆದರೆ ನಮ್ಮ ಸ್ವಾತಂತ್ರ್ಯದ ನಂತರ ಅಂದ. ಎರಡು ವಾಕ್ಯದಲ್ಲಿ ಇಡೀ ಜಗಳ ಹೇಳಿ ಮುಗಿಸಿದರು. ನಮ್ಮ ಶಾಸನಸಭೆಯಲ್ಲಿ ಎರಡು ದಿನ ಹಿಡಿಯುತ್ತಿತ್ತು.

1832ರ ನವೆಂಬರ್ 24ರಂದು ದಕ್ಷಿಣ ಕ್ಯಾರೊಲಿನಾ, ಮುಂದಿನ ಫೆಬ್ರವರಿ 1ರಿಂದ ಈ ಸುಂಕ ನಮ್ಮಲ್ಲಿ ನಡೆಯದು ಅಂತ ಘೋಷಿಸಿತು. ಬಲವಂತ ಮಾಡಿದರೆ ಒಕ್ಕೂಟ ಬಿಡುತ್ತೇವೆ ಅಂತಲೂ ಸೇರಿಸಿತು. ಜಾಕ್ಸನ್ ಡಿಸೆಂಬರ್ 10ಕ್ಕೆ ಉತ್ತರ ಕೊಟ್ಟ: ಸೈನ್ಯ ಕಟ್ಟಿ ಒಕ್ಕೂಟ ಒಡೆಯುವುದು ದೇಶದ್ರೋಹ. ಕ್ಯಾಲ್ಹೂನ್ ಉಪಾಧ್ಯಕ್ಷ ಪದವಿಗೆ ರಾಜೀನಾಮೆ ಕೊಟ್ಟ. ಆ ರಾಜ್ಯದಲ್ಲೇ ಒಕ್ಕೂಟದ ಪರ ನಿಂತವರ ಮುಂದಾಳು ಜೋಯೆಲ್ ಪಾಯಿನ್ಸೆಟ್. ಹೆಸರು ಕೇಳಿದ ಹಾಗಿದೆಯಾ? ಡಿಸೆಂಬರ್ ಹೊತ್ತಿಗೆ ಬೆಂಗಳೂರಿನ ನರ್ಸರಿಗಳಲ್ಲಿ ಎಲೆಯೇ ಕೆಂಪಾಗಿ ನಿಲ್ಲುವ ಪಾಯಿನ್ಸೆಟ್ಟಿಯಾ ಗಿಡ ಅವನ ಹೆಸರಿನದ್ದೇ. ಮೆಕ್ಸಿಕೋದಲ್ಲಿ ರಾಯಭಾರಿಯಾಗಿದ್ದಾಗ ಅದನ್ನು ಊರಿಗೆ ಕಳಿಸಿದ್ದ.

ಕೊನೆಗೆ 1833ರ ಮಾರ್ಚ್ 2ರಂದು ಒಂದೇ ದಿನ ಎರಡು ಕಾನೂನಿಗೆ ಸಹಿ ಬಿತ್ತು. ಒಂದು, ಸುಂಕ ವಸೂಲಿಗೆ ಸೈನ್ಯ ಬಳಸುವ ಅಧಿಕಾರ. ಇನ್ನೊಂದು, ಸೆನೆಟರ್ ಹೆನ್ರಿ ಕ್ಲೇ ತಂದ ರಾಜಿ: 1842ರ ಹೊತ್ತಿಗೆ ಸುಂಕ ಶೇಕಡಾ 20ಕ್ಕೆ ಇಳಿಸುವುದು. ದಕ್ಷಿಣದ ಬೇರೆ ಯಾವ ರಾಜ್ಯವೂ ಬೆನ್ನಿಗೆ ನಿಂತಿರಲಿಲ್ಲ. ದಕ್ಷಿಣ ಕ್ಯಾರೊಲಿನಾ ತನ್ನ ಘೋಷಣೆ ಹಿಂದೆ ತೆಗೆದುಕೊಂಡಿತು. ಮೀಸೆ ಮಣ್ಣಾಗಬಾರದಲ್ಲ, ಹಾಗಾಗಿ ಸೈನ್ಯದ ಕಾನೂನನ್ನು ರದ್ದು ಮಾಡಿ ಮನೆಗೆ ಹೋಯಿತು.

ಈಗ ನಿಮ್ಮ ಪ್ರಶ್ನೆ. ಬರೀ ಸುಂಕವಾ? ನನಗೆ ಹಾಗನ್ನಿಸುವುದಿಲ್ಲ. ಆ ರಾಜ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಗುಲಾಮರು. 1822ರಲ್ಲಿ ಚಾರ್ಲ್‌ಸ್ಟನ್‌ನಲ್ಲಿ ಡೆನ್ಮಾರ್ಕ್ ವೆಸಿ ಎಂಬ ಸ್ವತಂತ್ರ ಕಪ್ಪು ಮನುಷ್ಯ ಗುಲಾಮರ ದಂಗೆಗೆ ಸಂಚು ಮಾಡಿದ ಅಂತ ಅವನನ್ನೂ ಸೇರಿ 35 ಜನರನ್ನು ನೇಣಿಗೆ ಹಾಕಿದ್ದರು. ಅದೇ ಡಿಸೆಂಬರಿನಲ್ಲಿ ಒಂದು ಕಾನೂನು ಬಂತು: ಹಡಗಿನಲ್ಲಿ ಸ್ವತಂತ್ರ ಕಪ್ಪು ನಾವಿಕ ಬಂದರೆ, ಹಡಗು ಹೊರಡುವ ತನಕ ಅವನು ಜೈಲಿನಲ್ಲಿರಬೇಕು. ಇದು ಸಂವಿಧಾನಕ್ಕೆ ವಿರುದ್ಧ ಅಂತ ಮರುವರ್ಷ ಕೇಂದ್ರದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಜಾನ್ಸನ್ ಹೇಳಿದ. ರಾಜ್ಯ ಕಿವಿಗೇ ಹಾಕಿಕೊಳ್ಳಲಿಲ್ಲ. ಅಂದರೆ ಸುಂಕದ ಮಾತು ಬರುವ ಮೊದಲೇ ಕೇಂದ್ರಕ್ಕೆ ತಿರುಗಿ ನಿಲ್ಲುವ ಅಭ್ಯಾಸ ಶುರುವಾಗಿತ್ತು. ಇದು ನನ್ನೊಬ್ಬನ ಊಹೆಯಲ್ಲ. ಸುಂಕ ಒಂದು ಸಂದರ್ಭ ಅಷ್ಟೇ, ನಿಜವಾದ ಕಾರಣ ಅಲ್ಲ ಅಂತ ಕ್ಯಾಲ್ಹೂನನೇ 1830ರಲ್ಲಿ ಸ್ನೇಹಿತನಿಗೆ ಬರೆದಿದ್ದ. ಸುಂಕ ಈ ಸಲದ ನೆಪ, ಮುಂದಿನ ನೆಪ ಗುಲಾಮಗಿರಿ ಅಂತ 1833ರಲ್ಲಿ ಜಾಕ್ಸನ್ ಬರೆದ. ಜಾಕ್ಸನ್ ಗುಲಾಮರ ಪರವಾಗಿದ್ದ ಅಂತ ಮಾತ್ರ ತಿಳಿಯಬೇಡಿ. ಅವನೂ ಗುಲಾಮರ ಒಡೆಯನೇ. ಆದರೂ ಜಗಳದ ಎರಡೂ ಕಡೆಯವರು ಒಪ್ಪಿದ ಸಾಕ್ಷಿ ಇದು, ವಕೀಲರಾದ ನಿಮಗೆ ಸಾಕಾಗಬಹುದು.

ಪ್ರಶ್ನೆ: ನೀವು ಹುಬ್ಬಳ್ಳಿ ಕಡೆಯವರು. ಅಮೆರಿಕದ ಹತ್ತಿ ಜಗಳ ನಿಮ್ಮ ಊರಿಗೆ ಯಾಕೆ ಬೇಕು? (ಹೆಸರು ಬೇಡ ಅಂದ ಓದುಗರು, ಧಾರವಾಡ)

ನಮ್ಮ ಹೊಲದಲ್ಲೇ ಇತ್ತಲ್ಲ ಸ್ವಾಮಿ! ತನ್ನ ಗಿರಣಿಗಳೆಲ್ಲ ಅಮೆರಿಕದ ದಕ್ಷಿಣದ ಹತ್ತಿಗೇ ಜೋತುಬಿದ್ದಿವೆ ಅಂತ ಇಂಗ್ಲೆಂಡಿಗೆ ದಿಗಿಲಿತ್ತು. ಹಾಗಾಗಿ 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಲ್ಲಿಂದ ಹತ್ತು ಜನ ಹತ್ತಿ ಬೆಳೆಗಾರರನ್ನು ಸಂಬಳ ಕೊಟ್ಟು ಭಾರತಕ್ಕೆ ಕರೆಸಿತು. ಹುಬ್ಬಳ್ಳಿ ಪಕ್ಕದ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ಮಾಡಿದರು. ಹೆಚ್ಚಿನ ಕಡೆ ಅವರ ಬೀಜ ಸೋತಿತು, ನಮ್ಮ ಎರೆ ಭೂಮಿಯಲ್ಲಿ ಮಾತ್ರ ನ್ಯೂ ಆರ್ಲಿಯನ್ಸ್ ಬೀಜ ಬೇರು ಬಿಟ್ಟಿತು. ವ್ಯಾಪಾರಿಗಳು ಅದಕ್ಕೆ 'ಧಾರವಾಡ ಅಮೆರಿಕನ್' ಅಂತ ಹೆಸರಿಟ್ಟರು. 1861ರಲ್ಲಿ ಆ ಕಡೆ ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಇಲ್ಲಿ ಬೆಲೆ ಗಗನಕ್ಕೇರಿತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು. ನಮ್ಮ ಮನೆ ಹಿತ್ತಲಲ್ಲಿ ಈಗ ಹತ್ತಿ ಇಲ್ಲ, ಒಂದು ಕುಂಡದಲ್ಲಿ ಪಾಯಿನ್ಸೆಟ್ಟಿಯಾ ಇದೆ. ಈ ವರ್ಷ ಇನ್ನೂ ಕೆಂಪಾಗಿಲ್ಲ.